ವಸ್ತು ಎಲ್ಲಿದೆ? 3ಡಿ ಪ್ರಿಂಟರ್‌ಗೆ ಕಣ್ಣು ಕೊಡುವ ಕೆಲಸ

ರಾತ್ರಿ ಹತ್ತಕ್ಕೆ ಕೆಲಸ ಹಚ್ಚಿದ 3ಡಿ ಪ್ರಿಂಟರ್. ಅದರ ಬೆಡ್ (ವಸ್ತು ಮೂಡುವ ಹಲಗೆ) ಮೇಲೆ ಇಪ್ಪತ್ತು ಪುಟ್ಟ ಬ್ರಾಕೆಟ್‌ಗಳು ಒಟ್ಟೊಟ್ಟಿಗೆ ಮೇಲೇಳುತ್ತಿರುತ್ತವೆ. ನಡುರಾತ್ರಿ ದಾಟಿದ ಮೇಲೆ ಮೂಲೆಯ ಒಂದು ಬ್ರಾಕೆಟ್‌ನ ತಳ ಬೆಡ್‌ನಿಂದ ಬಿಟ್ಟುಕೊಳ್ಳುತ್ತದೆ. ಮುಂದಿನ ಸುತ್ತಿಗೆ ಬಂದ ನಾಝಲ್ (ಪ್ಲಾಸ್ಟಿಕ್ ಸುರಿಸುವ ಮೂತಿ) ತಗುಲಿ ಅದು ಪಕ್ಕಕ್ಕೆ ಉರುಳುತ್ತದೆ. ಯಂತ್ರಕ್ಕೆ ಇದು ಗೊತ್ತೇ ಆಗುವುದಿಲ್ಲ. ಬ್ರಾಕೆಟ್ ಇರಬೇಕಿದ್ದ ಜಾಗಕ್ಕೆ ಹೋಗಿ, ಕರಗಿದ ಪ್ಲಾಸ್ಟಿಕ್ ಅನ್ನು ಬರೀ ಗಾಳಿಯಲ್ಲಿ ಸುರಿಯುತ್ತಲೇ ಇರುತ್ತದೆ. ಆ ಎಳೆಗಳು ಅಕ್ಕಪಕ್ಕದ ಬ್ರಾಕೆಟ್‌ಗಳಿಗೂ ಸುತ್ತಿಕೊಂಡು ಅವನ್ನೂ ಕಿತ್ತು ಹಾಕುತ್ತವೆ. ಬೆಳಗ್ಗೆ ಬಂದು ನೋಡಿದರೆ ಬೆಡ್ ತುಂಬ ಶಾವಿಗೆ ಗುಡ್ಡೆ ಹಾಕಿದಂತಿರುತ್ತದೆ. ಪರದೆಯ ಮೇಲೆ ಮಾತ್ರ ‘ಮುದ್ರಣ ಪೂರ್ಣಗೊಂಡಿದೆ’ ಎಂಬ ಸಂದೇಶ.

ಪ್ರಪಂಚದಾದ್ಯಂತ 3ಡಿ ಪ್ರಿಂಟರ್ ಬಳಸುವವರೆಲ್ಲ ಒಮ್ಮೆಯಾದರೂ ಕಂಡಿರುವ ದೃಶ್ಯವಿದು. ಸಾವಿರಾರು ರೂಪಾಯಿಯ ಪ್ಲಾಸ್ಟಿಕ್ ಯಂತ್ರಕ್ಕೂ ಕೋಟಿಗಟ್ಟಲೆ ಬೆಲೆಯ ಲೋಹದ ಯಂತ್ರಕ್ಕೂ ಈ ಕೊರತೆ ಒಂದೇ. ತಾನು ಕಟ್ಟುತ್ತಿರುವ ವಸ್ತು ಈಗ ಎಲ್ಲಿದೆ, ಹೇಗಿದೆ ಎಂಬುದನ್ನು ಯಂತ್ರ ನೋಡುವುದಿಲ್ಲ. ಕಂಪ್ಯೂಟರ್ ವಿಷನ್, ಅಂದರೆ ಕ್ಯಾಮೆರಾ ಚಿತ್ರವನ್ನು ಲೆಕ್ಕ ಹಾಕಿ ಅರ್ಥ ಮಾಡಿಕೊಳ್ಳುವ ತಂತ್ರ, ಈ ಕೊರತೆಯನ್ನು ನೀಗಿಸಲು ಹೊರಟಿದೆ.

ಪದರದ ಮೇಲೆ ಪದರ

ಕಡೆಯುವುದು, ಕೊರೆಯುವುದು, ಕತ್ತರಿಸುವುದು ಹಳೆಯ ದಾರಿ. ಬೇಕಾದ ಕಡೆ ಮಾತ್ರ ವಸ್ತುವನ್ನು ಪದರ ಪದರವಾಗಿ ಕೂಡಿಸುತ್ತ ಹೋಗುವುದು ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್. ಅಮೆರಿಕದ ಚಕ್ ಹಲ್ ದ್ರವ ರೆಸಿನ್ ಅನ್ನು ಅತಿನೇರಳೆ ಬೆಳಕಿನಿಂದ ಗಟ್ಟಿ ಮಾಡುವ ವಿಧಾನಕ್ಕೆ 1984ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1986ರಲ್ಲಿ ಅದು ಮಂಜೂರಾಯಿತು. ಅದೇ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಡೆಕಾರ್ಡ್ ಪುಡಿಯನ್ನು ಲೇಸರ್‌ನಿಂದ ಬೆಸೆಯುವ ವಿಧಾನ ರೂಪಿಸಿದರು. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ನಾಝಲ್ ಮೂಲಕ ಹಾಕುವ ವಿಧಾನಕ್ಕೆ ಸ್ಕಾಟ್ ಕ್ರಂಪ್ 1989ರಲ್ಲಿ ಅರ್ಜಿ ಸಲ್ಲಿಸಿದರು. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೋಯರ್ 2005ರಲ್ಲಿ ಆರಂಭಿಸಿದ ರೆಪ್‌ರ‍್ಯಾಪ್ ಯೋಜನೆಯಿಂದ ಈ ಯಂತ್ರ ಮನೆಗಳಿಗೂ ಶಾಲಾ ಪ್ರಯೋಗಾಲಯಗಳಿಗೂ ಬಂತು.

ಕನ್ನಡ ಓದುಗರಿಗೆ ಈ ತಂತ್ರದ ಪರಿಚಯ ಬಹುಶಃ ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟ್‌ನ ಅಂಚೆ ಕಚೇರಿಯಿಂದ ಆಗಿರಬಹುದು. 1,021 ಚದರಡಿಯ ಆ ಕಟ್ಟಡದ ಗೋಡೆಗಳನ್ನು ಕಾಂಕ್ರೀಟ್ ಪದರಗಳಿಂದ ಯಂತ್ರವೇ ಎಬ್ಬಿಸಿತು. 2023ರ ಆಗಸ್ಟ್‌ನಲ್ಲಿ ಅದು ಉದ್ಘಾಟನೆಯಾಯಿತು. ಇನ್ನೊಂದು ಉದಾಹರಣೆ ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತದ ಎಂಜಿನ್. ಇಸ್ರೋ ಅದನ್ನು ಲೋಹದ ಪುಡಿಯಿಂದ ಮುದ್ರಿಸಲು ತಕ್ಕಂತೆ ಮರುವಿನ್ಯಾಸ ಮಾಡಿತು. ಅದನ್ನು ವಿಪ್ರೊ 3ಡಿ ತಯಾರಿಸಿತು. 2024ರ ಮೇ ತಿಂಗಳಲ್ಲಿ ಮಹೇಂದ್ರಗಿರಿಯಲ್ಲಿ 665 ಸೆಕೆಂಡುಗಳ ಕಾಲ ಅದನ್ನು ಉರಿಸಿ ಪರೀಕ್ಷಿಸಲಾಯಿತು. ಮೊದಲು 14 ಬಿಡಿಭಾಗಗಳಿದ್ದುದು ಒಂದೇ ತುಂಡಾಯಿತು, 19 ವೆಲ್ಡಿಂಗ್ ಜೋಡಣೆಗಳು ಇಲ್ಲವಾದವು. 565 ಕಿಲೋ ಕಚ್ಚಾ ಲೋಹ ಬೇಕಿದ್ದಲ್ಲಿ 13.7 ಕಿಲೋ ಪುಡಿ ಸಾಕಾಯಿತು.

ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಇದೆ. ಹದಿನಾಲ್ಕು ಬಿಡಿಭಾಗಗಳಿದ್ದಾಗ ಒಂದೊಂದನ್ನೂ ಕೈಗೆತ್ತಿಕೊಂಡು ಪರೀಕ್ಷಿಸಬಹುದಿತ್ತು. ಒಂದೇ ತುಂಡಾದಾಗ ಸಾವಿರಾರು ಪದರಗಳಲ್ಲಿ ಯಾವುದೋ ಒಂದು ಪದರದಲ್ಲಿ ಆದ ತಪ್ಪು ಮೇಲಿನ ಪದರಗಳ ಅಡಿಯಲ್ಲಿ ಹೂತುಹೋಗುತ್ತದೆ. ಅದನ್ನು ಕಣ್ಣಾರೆ ಕಾಣುವ ಅವಕಾಶ ಆ ಪದರ ಮೇಲಿರುವ ಕೆಲವೇ ಸೆಕೆಂಡುಗಳಷ್ಟು.

ಹೆಜ್ಜೆ ಎಣಿಸುವ ಯಂತ್ರ

ಸಾಮಾನ್ಯ ಪ್ಲಾಸ್ಟಿಕ್ ಪ್ರಿಂಟರ್ ತನ್ನ ಜಾಗವನ್ನು ಹೇಗೆ ತಿಳಿಯುತ್ತದೆ ಎಂಬುದನ್ನು ಗಮನಿಸಿದರೆ ಸಮಸ್ಯೆಯ ಬೇರು ಸಿಗುತ್ತದೆ. ಕೆಲಸ ಶುರುವಾದಾಗ ನಾಝಲ್ ಒಂದು ಮೂಲೆಗೆ ಹೋಗಿ ಅಲ್ಲಿನ ಸ್ವಿಚ್ ಮುಟ್ಟುತ್ತದೆ. ಅದು ಸೊನ್ನೆ. ಅಲ್ಲಿಂದ ಮುಂದೆ ಎಲ್ಲವೂ ಎಣಿಕೆ. ಬೆಲ್ಟ್ ಎಳೆಯುವ ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಒಂದೊಂದು ಹೆಜ್ಜೆಯನ್ನೂ ವಿದ್ಯುತ್ತಿನಿಂದ ಹದಿನಾರು ಪಾಲು ಮಾಡಿದರೆ, ಸಾಮಾನ್ಯ ಜೋಡಣೆಯಲ್ಲಿ ಒಂದು ಮಿಲಿಮೀಟರ್ ಚಲನೆಗೆ 80 ಪುಟ್ಟ ಹೆಜ್ಜೆಗಳಾಗುತ್ತವೆ. ನೂರು ಮಿಲಿಮೀಟರ್ ಹೋಗು ಎಂದರೆ ಯಂತ್ರ 8,000 ಹೆಜ್ಜೆ ಎಣಿಸಿ, ತಾನು ತಲುಪಿದೆನೆಂದು ನಂಬುತ್ತದೆ.

ನಡುವೆ ನಾಝಲ್ ಯಾವುದಕ್ಕೋ ತಗುಲಿ ಮೋಟರ್ ನಾಲ್ಕು ಹೆಜ್ಜೆ ತಪ್ಪಿದರೂ ಎಣಿಕೆ ಮಾತ್ರ ಸರಿಯಾಗಿಯೇ ಮುಂದುವರಿಯುತ್ತದೆ. ಅಲ್ಲಿಂದ ಮೇಲಿನ ಪದರಗಳೆಲ್ಲ ಪಕ್ಕಕ್ಕೆ ಸರಿದು ನಿಲ್ಲುತ್ತವೆ. ವಸ್ತು ಜಾರಿದರೂ, ಮುದುಡಿದರೂ, ನಾಝಲ್ ಕಟ್ಟಿಕೊಂಡು ಏನೂ ಹೊರಬರದಿದ್ದರೂ ಮುದ್ರಣದ ಆದೇಶಗಳ ಕಡತದಲ್ಲಿ ಬರೆದ ಸಾಲುಗಳನ್ನು ಯಂತ್ರ ಓದುತ್ತ ಹೋಗುತ್ತದೆ. ಯಂತ್ರಕ್ಕೆ ಗೊತ್ತಿರುವುದು ತನ್ನ ಆದೇಶ ಮಾತ್ರ. ಅದರ ಫಲ ಅದಕ್ಕೆ ಗೊತ್ತಿಲ್ಲ.

ಪಿಕ್ಸೆಲ್‌ನಿಂದ ಮಿಲಿಮೀಟರ್‌ಗೆ

ಪ್ರಿಂಟರ್ ಒಳಗೊಂದು ಕ್ಯಾಮೆರಾ ಕೂರಿಸುವುದು ಸುಲಭ. ಚಿತ್ರದಲ್ಲಿ ಬ್ರಾಕೆಟ್ ಇದೆ ಎಂದು ಗುರುತಿಸುವುದೂ ಇಂದಿನ ತಂತ್ರಾಂಶಗಳಿಗೆ ದೊಡ್ಡ ಮಾತಲ್ಲ. ಕಷ್ಟವಿರುವುದು ‘ಎಲ್ಲಿ’ ಎಂಬ ಪ್ರಶ್ನೆಯಲ್ಲಿ. ಚಿತ್ರದ ಎಡದಿಂದ 1,840ನೇ ಪಿಕ್ಸೆಲ್, ಮೇಲಿನಿಂದ 960ನೇ ಪಿಕ್ಸೆಲ್ ಎಂದರೆ ನಾಝಲ್‌ಗೆ ಏನೂ ತಿಳಿಯುವುದಿಲ್ಲ. ಅದಕ್ಕೆ ಬೇಕಿರುವುದು ಬೆಡ್‌ನ ನಿರ್ದೇಶಾಂಕ, ಅದೂ ಮಿಲಿಮೀಟರ್‌ನ ಹತ್ತನೇ ಒಂದು ಪಾಲಿನಷ್ಟು ನಿಖರವಾಗಿ.

ಇದಕ್ಕಾಗಿ ಮೊದಲು ಕ್ಯಾಮೆರಾವನ್ನೇ ಅಳೆಯಬೇಕು. ಲೆನ್ಸ್‌ಗಳು ಅಂಚಿನಲ್ಲಿ ನೇರ ಗೆರೆಯನ್ನೂ ಬಾಗಿಸುತ್ತವೆ. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಝಾಂಗ್ ಝೆಂಗ್ಯೂ 2000ದಲ್ಲಿ ಪ್ರಕಟಿಸಿದ ವಿಧಾನ ಈ ಕೆಲಸವನ್ನು ಯಾರಾದರೂ ಮಾಡಬಹುದಾದಷ್ಟು ಸರಳಗೊಳಿಸಿತು. ಕಪ್ಪುಬಿಳಿ ಚೌಕಗಳಿರುವ ಚೆಸ್‌ ಬೋರ್ಡ್ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ, ಸಮತಟ್ಟಾದ ಹಲಗೆಗೆ ಅಂಟಿಸಿ, ಬೇರೆ ಬೇರೆ ಕೋನಗಳಿಂದ ಹತ್ತಿಪ್ಪತ್ತು ಫೋಟೋ ತೆಗೆಯಬೇಕು. ಚೌಕಗಳ ಮೂಲೆಗಳು ನಿಜವಾಗಿ ಎಲ್ಲಿರಬೇಕು, ಚಿತ್ರದಲ್ಲಿ ಎಲ್ಲಿ ಕಾಣುತ್ತಿವೆ ಎಂಬುದರ ವ್ಯತ್ಯಾಸದಿಂದ ಲೆನ್ಸಿನ ವಕ್ರತೆ, ಕ್ಯಾಮೆರಾ ಇರುವ ಜಾಗ, ಅದು ವಾಲಿರುವ ಕೋನ ಎಲ್ಲವೂ ಲೆಕ್ಕಕ್ಕೆ ಸಿಗುತ್ತವೆ.

ಎರಡನೆಯದು, ಕ್ಯಾಮೆರಾದ ಲೋಕವನ್ನು ಬೆಡ್‌ನ ಲೋಕಕ್ಕೆ ಜೋಡಿಸುವುದು. ಬೆಡ್‌ನ ನಾಲ್ಕು ಮೂಲೆಗಳಲ್ಲಿ, ನಿರ್ದೇಶಾಂಕ ಗೊತ್ತಿರುವ ಜಾಗಗಳಲ್ಲಿ, ಗುರುತು ಚಿಹ್ನೆಗಳನ್ನು ಅಂಟಿಸಲಾಗುತ್ತದೆ. ಅರುಕೋ, ಏಪ್ರಿಲ್‌ಟ್ಯಾಗ್ ಎಂಬ ಚೌಕಾಕಾರದ ಕಪ್ಪುಬಿಳಿ ಚಿಹ್ನೆಗಳು ಇದಕ್ಕೆ ಬಳಕೆಯಲ್ಲಿವೆ. ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಇರುವುದರಿಂದ ಯಾವುದು ಯಾವ ಮೂಲೆ ಎಂಬ ಗೊಂದಲವಿಲ್ಲ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಇದೇ ಉಪಾಯವನ್ನು ಬಹಳ ಕಾಲದಿಂದ ಬಳಸುತ್ತಿವೆ. ಸರ್ಕ್ಯೂಟ್ ಬೋರ್ಡ್ ಮೂಲೆಯ ಪುಟ್ಟ ತಾಮ್ರದ ಚುಕ್ಕೆಗಳನ್ನು ನೋಡಿಯೇ ಅಲ್ಲಿನ ಯಂತ್ರಗಳು ಬಿಡಿಭಾಗಗಳನ್ನು ಇಡುತ್ತವೆ. ನಾಲ್ಕು ಬಿಂದುಗಳು ಸಿಕ್ಕರೆ ಓರೆಯಾಗಿ ಕಂಡ ಬೆಡ್ ಅನ್ನು ಮೇಲಿನಿಂದ ನೇರ ನೋಡಿದಂತೆ ಗಣಿತದಲ್ಲಿ ಸರಿಪಡಿಸಬಹುದು.

250 ಮಿಲಿಮೀಟರ್ ಅಗಲದ ಬೆಡ್ ಅನ್ನು 4,000 ಪಿಕ್ಸೆಲ್ ಅಗಲದ ಚಿತ್ರ ತುಂಬಿಕೊಂಡರೆ ಒಂದು ಪಿಕ್ಸೆಲ್ ಸುಮಾರು 0.06 ಮಿಲಿಮೀಟರ್. ನಾಝಲ್‌ನ ರಂಧ್ರ ಸಾಮಾನ್ಯವಾಗಿ 0.4 ಮಿಲಿಮೀಟರ್ ಇರುವುದರಿಂದ ಇಷ್ಟು ಸೂಕ್ಷ್ಮತೆ ಸಾಕೆನಿಸುತ್ತದೆ. ಆದರೆ ಈ ಲೆಕ್ಕ ನಿಲ್ಲುವುದು ಬೆಡ್‌ನ ಮಟ್ಟದಲ್ಲಿ ಮಾತ್ರ. ವಸ್ತು ಎತ್ತರವಾದಂತೆ ಅದರ ಮೇಲ್ಭಾಗ ಚಿತ್ರದಲ್ಲಿ ಸರಿದು ಕಾಣುತ್ತದೆ. ಕ್ಯಾಮೆರಾ 45 ಡಿಗ್ರಿ ಕೋನದಿಂದ ನೋಡುತ್ತಿದ್ದರೆ, 20 ಮಿಲಿಮೀಟರ್ ಎತ್ತರದ ವಸ್ತುವಿನ ತುದಿ ಬೆಡ್ ಮೇಲೆ 20 ಮಿಲಿಮೀಟರ್ ಆಚೆ ಇದ್ದಂತೆ ತೋರುತ್ತದೆ. ನೂರಾರು ಪಿಕ್ಸೆಲ್‌ಗಳಷ್ಟು ದೊಡ್ಡ ತಪ್ಪು ಇದು. ಹೀಗಾಗಿ ಯಂತ್ರ ಈಗ ಎಷ್ಟನೇ ಪದರದಲ್ಲಿದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಬೇಕು, ಇಲ್ಲವೇ ಎರಡು ಕ್ಯಾಮೆರಾ ಅಥವಾ ಲೇಸರ್ ಗೆರೆಯ ಸಹಾಯದಿಂದ ಎತ್ತರವನ್ನೂ ಅಳೆಯಬೇಕು. ಬಿಡಿ ಚಿತ್ರದಲ್ಲಿ ಅದ್ಭುತವಾಗಿ ಕೆಲಸ ಮಾಡಿದ ವ್ಯವಸ್ಥೆಗಳು ಯಂತ್ರದ ಮೇಲೆ ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಬೆಳಕು ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ

ಕಪ್ಪು ಬೆಡ್ ಮೇಲೆ ಕಪ್ಪು ಪ್ಲಾಸ್ಟಿಕ್, ಗಾಜಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್, ಬೂದು ಪುಡಿಯ ನಡುವೆ ಬೂದು ಲೋಹ: ಇವು ಈ ಕ್ಷೇತ್ರದ ನಿತ್ಯದ ಗೋಳು. ಹೊಳೆಯುವ ಮೇಲ್ಮೈಯಲ್ಲಿ ದೀಪದ ಪ್ರತಿಫಲನವೇ ವಸ್ತುವಿನ ಅಂಚಿನಂತೆ ಕಾಣುತ್ತದೆ. ಕೋಣೆಯ ದೀಪ ಆರಿಸಿದ ಕೂಡಲೇ ಹಗಲು ಸರಿಯಾಗಿದ್ದ ಲೆಕ್ಕ ತಪ್ಪುತ್ತದೆ.

ಅನುಭವಿಗಳು ಇದಕ್ಕೆ ಮದ್ದು ಹುಡುಕುವುದು ತಂತ್ರಾಂಶದಲ್ಲಲ್ಲ, ದೀಪದಲ್ಲಿ. ಬೆಡ್‌ಗೆ ಬಹುತೇಕ ಸಮಾನಾಂತರವಾಗಿ, ಪಕ್ಕದಿಂದ ತಗ್ಗಿನಲ್ಲಿ ಬೆಳಕು ಬಿಟ್ಟರೆ ಕೂದಲೆಳೆಯಷ್ಟು ಉಬ್ಬಿದ ಅಂಚೂ ಉದ್ದನೆಯ ನೆರಳು ಚೆಲ್ಲುತ್ತದೆ. ಬರಿಗಣ್ಣಿಗೆ ಸಮತಟ್ಟಾಗಿ ಕಂಡ ಪುಡಿಯ ಹಾಸಿನಲ್ಲಿ ಗೆರೆ, ತಗ್ಗು, ಉಬ್ಬು ಎಲ್ಲವೂ ಎದ್ದು ತೋರುತ್ತವೆ.

ಬೆಳಕು ಹದಕ್ಕೆ ಬಂದ ಮೇಲೆ ವಸ್ತುವನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಹಳೆಯ ವಿಧಾನಗಳೇ ಬಹಳ ದೂರ ಒಯ್ಯುತ್ತವೆ. ಬೂದು ಛಾಯೆಗಳನ್ನು ಎರಡು ಗುಂಪಾಗಿ ಒಡೆಯಲು ಜಪಾನಿನ ಒತ್ಸು 1979ರಲ್ಲಿ ಕೊಟ್ಟ ಸೂತ್ರ, ಅಂಚುಗಳನ್ನು ಹುಡುಕಲು ಜಾನ್ ಕ್ಯಾನಿ 1986ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ದಿನನಿತ್ಯ ಬಳಕೆಯಲ್ಲಿವೆ. ಛಾಯೆಗಳು ಕಲಸಿಹೋದಲ್ಲಿ, ಆಕಾರಗಳು ಅಸ್ತವ್ಯಸ್ತವಾಗಿರುವಲ್ಲಿ ಮಾತ್ರ ಸಾವಿರಾರು ಚಿತ್ರಗಳಿಂದ ಕಲಿತ ನ್ಯೂರಲ್ ನೆಟ್‌ವರ್ಕ್‌ಗಳು ಅನಿವಾರ್ಯವಾಗುತ್ತವೆ.

ಬೇರೆ ಹಲವು ಕ್ಷೇತ್ರಗಳಿಗೆ ಸುಲಭವಾಗಿ ಸಿಗದ ಒಂದು ಅನುಕೂಲ 3ಡಿ ಮುದ್ರಣಕ್ಕಿದೆ. ರಸ್ತೆಯಲ್ಲಿ ಓಡುವ ಕಾರಿನ ಕ್ಯಾಮೆರಾಕ್ಕೆ ಮುಂದೆ ಏನು ಎದುರಾಗುತ್ತದೆಂದು ಗೊತ್ತಿರುವುದಿಲ್ಲ. ಪ್ರಿಂಟರ್‌ಗೆ ತಾನು ಏನು ನೋಡಬೇಕು ಎಂಬುದು ಮೊದಲೇ ಗೊತ್ತು. ವಸ್ತುವಿನ ವಿನ್ಯಾಸದ ಕಡತ ಅದರ ಬಳಿಯೇ ಇದೆ. ಇಷ್ಟನೇ ಪದರದ ಹೊತ್ತಿಗೆ ಚಿತ್ರ ಹೀಗಿರಬೇಕು ಎಂದು ಕಡತದಿಂದಲೇ ಕಲ್ಪಿಸಿಕೊಂಡು, ಕ್ಯಾಮೆರಾ ಕಂಡದ್ದಕ್ಕೆ ಹೋಲಿಸಿದರಾಯಿತು. ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಲು ಬೇಕಾದ ಚಿತ್ರಗಳನ್ನೂ ಇದೇ ಕಡತದಿಂದ ಕಂಪ್ಯೂಟರಿನಲ್ಲೇ ತಯಾರಿಸಿಕೊಳ್ಳಬಹುದು.

ಇಪ್ಪತ್ತರಲ್ಲಿ ಕೆಟ್ಟದ್ದು ಯಾವುದು?

ಪ್ಲಾಸ್ಟಿಕ್ ಎಳೆಗಳ ಗೋಜಲನ್ನು ಪ್ರಿಂಟರ್ ಬಳಸುವವರು ‘ಸ್ಪಾಗೆಟ್ಟಿ’ ಎಂದೇ ಕರೆಯುತ್ತಾರೆ. ಸಾಧಾರಣ ವೆಬ್‌ಕ್ಯಾಮ್ ಚಿತ್ರದಲ್ಲಿ ಈ ಗೋಜಲನ್ನು ಗುರುತಿಸಿ ಮುದ್ರಣ ನಿಲ್ಲಿಸುವ ‘ದಿ ಸ್ಪಾಗೆಟ್ಟಿ ಡಿಟೆಕ್ಟಿವ್’ ಎಂಬ ತಂತ್ರಾಂಶ ಹವ್ಯಾಸಿಗಳ ನಡುವೆ ಹೆಸರು ಮಾಡಿತು. ಈಗ ಅದು ಒಬಿಕೊ ಎಂಬ ಹೆಸರಿನಲ್ಲಿದೆ. 2022ರಲ್ಲಿ ಬಂದ ಬಾಂಬು ಲ್ಯಾಬ್‌ನ ಎಕ್ಸ್1 ಸರಣಿಯ ಪ್ರಿಂಟರ್‌ಗಳಲ್ಲಿ ಇದೇ ಬಗೆಯ ಕ್ಯಾಮೆರಾ ನಿಗಾ, ಮೊದಲ ಪದರವನ್ನು ಪರೀಕ್ಷಿಸುವ ಲೇಸರ್ ಸಂವೇದಕ ಎರಡೂ ಯಂತ್ರದ ಜೊತೆಗೇ ಬಂದವು.

ಎಲ್ಲವನ್ನೂ ನಿಲ್ಲಿಸುವುದು ಮಾತ್ರ ಅರ್ಧ ಪರಿಹಾರ. ಇಪ್ಪತ್ತು ಬ್ರಾಕೆಟ್‌ಗಳಲ್ಲಿ ಒಂದು ಕೆಟ್ಟಿದ್ದಕ್ಕೆ ಹತ್ತೊಂಬತ್ತನ್ನು ಅರ್ಧಕ್ಕೆ ಬಿಡುವುದು ಯಾವ ಕಾರ್ಯಾಗಾರಕ್ಕೂ ಗಿಟ್ಟುವುದಿಲ್ಲ. ಈಗಿನ ಮುದ್ರಣ ಕಡತಗಳಲ್ಲಿ ಪ್ರತಿ ವಸ್ತುವಿಗೂ ಬೇರೆ ಗುರುತು ಹಾಕುವ ವ್ಯವಸ್ಥೆಯಿದೆ. ಮಾರ್ಲಿನ್ ಎಂಬ ನಿಯಂತ್ರಣ ತಂತ್ರಾಂಶದ ‘ಎಂ486’ ಆದೇಶ ಕೊಟ್ಟರೆ ಸೂಚಿಸಿದ ಒಂದು ವಸ್ತುವನ್ನು ಮಾತ್ರ ಕೈಬಿಟ್ಟು ಉಳಿದವನ್ನು ಯಂತ್ರ ಮುಗಿಸುತ್ತದೆ. ಕ್ಲಿಪರ್ ತಂತ್ರಾಂಶದಲ್ಲೂ ಈ ಸೌಲಭ್ಯವಿದೆ.

ಸದ್ಯಕ್ಕೆ ಯಾವುದನ್ನು ಕೈಬಿಡಬೇಕೆಂದು ಹೆಚ್ಚಿನ ಕಡೆ ಮನುಷ್ಯನೇ ನೋಡಿ ಹೇಳುತ್ತಾನೆ. ಕ್ಯಾಮೆರಾ ಅದನ್ನು ತಾನೇ ಹೇಳಬೇಕಾದರೆ ‘ಏನೋ ಕೆಟ್ಟಿದೆ’ ಎಂದರೆ ಸಾಲದು. ಕೆಟ್ಟ ಭಾಗದ ನಿರ್ದೇಶಾಂಕ ಕಂಡುಹಿಡಿದು, ಅದು ಕಡತದ ಯಾವ ವಸ್ತುವಿನ ಗಡಿಯೊಳಗೆ ಬರುತ್ತದೆಂದು ತೀರ್ಮಾನಿಸಬೇಕು. ಬೆಡ್ ಮೇಲೆ ವಸ್ತುಗಳ ನಡುವಿನ ಅಂತರ ಐದು ಮಿಲಿಮೀಟರ್ ಇದ್ದು, ಜಾಗದ ಲೆಕ್ಕ ಎಂಟು ಮಿಲಿಮೀಟರ್ ತಪ್ಪಿದರೆ ಚೆನ್ನಾಗಿರುವ ಬ್ರಾಕೆಟ್ ನಿಂತುಹೋಗಿ ಕೆಟ್ಟದ್ದು ಮುಂದುವರಿಯುತ್ತದೆ. ಚೆಸ್‌ ಬೋರ್ಡ್ ಹಿಡಿದು ಕ್ಯಾಮೆರಾ ಅಳೆದ ಶ್ರಮದ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಪುಡಿಯ ಹಾಸಿನ ಮೇಲೆ

ಲೋಹದ ಮುದ್ರಣದಲ್ಲಿ ಪಣಕ್ಕಿಟ್ಟದ್ದು ಇನ್ನೂ ದೊಡ್ಡದು. ಮುಚ್ಚಿದ ಕೋಣೆಯಲ್ಲಿ ಆರ್ಗಾನ್ ಅಥವಾ ನೈಟ್ರೋಜನ್ ತುಂಬಿ, 30ರಿಂದ 60 ಮೈಕ್ರಾನ್ ದಪ್ಪಕ್ಕೆ ಲೋಹದ ಪುಡಿಯನ್ನು ಹರಡಲಾಗುತ್ತದೆ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಈ ಪದರ ಎಷ್ಟು ತೆಳುವೆಂದು ತಿಳಿದೀತು. ಬೇಕಾದ ಆಕಾರದ ಮೇಲೆ ಲೇಸರ್ ಓಡಾಡಿ ಪುಡಿಯನ್ನು ಕರಗಿಸುತ್ತದೆ. ಬೆಡ್ ಅಷ್ಟೇ ಮೈಕ್ರಾನ್ ಕೆಳಗಿಳಿಯುತ್ತದೆ. ಪುಡಿ ಹರಡುವ ಪಟ್ಟಿ ಮತ್ತೊಮ್ಮೆ ಹಾದುಹೋಗುತ್ತದೆ.

ಕರಗಿ ಆರುವಾಗ ಲೋಹ ಕುಗ್ಗಿ ಬಾಗುತ್ತದೆ. ಬಾಗಿದ ಅಂಚು ಪುಡಿಯ ಮಟ್ಟಕ್ಕಿಂತ ಕೊಂಚ ಮೇಲೆದ್ದರೂ ಮುಂದಿನ ಸಲ ಪಟ್ಟಿ ಅದಕ್ಕೆ ಉಜ್ಜುತ್ತದೆ. ಪಟ್ಟಿಯ ಅಂಚಿನಲ್ಲಿ ಸಣ್ಣ ಹಲ್ಲು ಬಿದ್ದರೆ, ಅಲ್ಲಿಂದಾಚೆಗೆ ಹರಡುವ ಪ್ರತಿ ಪದರದಲ್ಲೂ ಒಂದು ಗೆರೆ ಮೂಡುತ್ತದೆ. ಲೇಸರ್ ಬಡಿದಾಗ ಸಿಡಿದ ಲೋಹದ ಹನಿಗಳು ಪಕ್ಕದ ವಸ್ತುವಿನ ಮೇಲೆ ಬಿದ್ದು, ಮುಂದಿನ ಪದರದ ಅಡಿಯಲ್ಲಿ ಸಿಕ್ಕಿಕೊಳ್ಳುತ್ತವೆ.

ಇವೆಲ್ಲವನ್ನೂ ಹಿಡಿಯಲು ಮೇಲಿನ ಕ್ಯಾಮೆರಾ ಪ್ರತಿ ಪದರಕ್ಕೂ ಎರಡು ಚಿತ್ರ ತೆಗೆಯುತ್ತದೆ: ಲೇಸರ್ ಕೆಲಸ ಮುಗಿದಾಗ ಒಂದು, ಹೊಸ ಪುಡಿ ಹರಡಿದಾಗ ಇನ್ನೊಂದು. 40 ಮೈಕ್ರಾನ್ ಪದರದಂತೆ 20 ಸೆಂಟಿಮೀಟರ್ ಎತ್ತರದ ವಸ್ತುವಿಗೆ 5,000 ಪದರ, ಅಂದರೆ 10,000 ಚಿತ್ರ. ಮನುಷ್ಯರು ಕೂತು ನೋಡುವ ಮಾತಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಲ್ಯೂಕ್ ಸೈಮ್ ಮತ್ತು ಜ್ಯಾಕ್ ಬ್ಯೂತ್ 2018ರಲ್ಲಿ ಪ್ರಕಟಿಸಿದ ಸಂಶೋಧನೆ, ಪುಡಿಯ ಹಾಸಿನ ಇಂಥ ದೋಷಗಳನ್ನು ಕಂಪ್ಯೂಟರ್ ತಾನಾಗಿ ವಿಂಗಡಿಸಬಲ್ಲದೆಂದು ತೋರಿಸಿತು. ಮುಂದೆ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಪೆರೆಗ್ರಿನ್’ ತಂತ್ರಾಂಶ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಇದು ಪುಡಿ, ಇದು ವಸ್ತು, ಇದು ಗೆರೆ, ಇದು ಸಿಡಿದ ಹನಿ ಎಂದು ಹೆಸರು ಹಚ್ಚುತ್ತದೆ.

ಪದರಗಳ ಈ ನಕ್ಷೆಗಳನ್ನು ಒಂದರ ಮೇಲೊಂದು ಜೋಡಿಸಿದರೆ ಇಡೀ ವಸ್ತುವಿನ ಜಾತಕ ಸಿದ್ಧವಾಗುತ್ತದೆ. ವರ್ಷಗಳ ನಂತರ ಆ ಭಾಗ ಬಿರುಕು ಬಿಟ್ಟರೆ, ಬಿರುಕು ಹುಟ್ಟಿದ ಜಾಗದಲ್ಲಿ ಮುದ್ರಣದ ದಿನ ಏನಾಗಿತ್ತೆಂದು ತೆಗೆದು ನೋಡಬಹುದು. ವಿಮಾನ, ರಾಕೆಟ್‌ಗಳ ಭಾಗ ತಯಾರಿಸುವವರಿಗೆ ಈ ದಾಖಲೆಯೇ ದೊಡ್ಡ ಆಸ್ತಿ. ಲೋಹದ ಪ್ರಿಂಟರ್‌ಗಳನ್ನು ಬೆಂಗಳೂರಿನಲ್ಲೇ ತಯಾರಿಸುವ ಇಂಟೆಕ್ ಅಡಿಟಿವ್ ಸೊಲ್ಯೂಷನ್ಸ್‌ನಂಥ ಕಂಪನಿಗಳಿರುವಾಗ ಈ ವಿದ್ಯೆ ಕರ್ನಾಟಕಕ್ಕೆ ದೂರದ್ದಲ್ಲ.

ಸವೆದ ಬ್ಲೇಡ್‌ಗೆ ಹೊಸ ತುದಿ

ಇಲ್ಲಿಯವರೆಗೆ ಹೇಳಿದ್ದು ಯಂತ್ರ ತಾನೇ ಕಟ್ಟುವ ವಸ್ತುವಿನ ಮಾತು. ಆಗಲೇ ಇರುವ ವಸ್ತುವಿನ ಮೇಲೆ ಮುದ್ರಿಸಬೇಕಾದಾಗ ಜಾಗ ಹುಡುಕುವ ಕೆಲಸ ಮತ್ತೂ ಕಠಿಣವಾಗುತ್ತದೆ. ಇದರ ಒಳ್ಳೆಯ ಉದಾಹರಣೆ ಸಿಂಗಪುರದ ಲೋಯಾಂಗ್‌ನಲ್ಲಿರುವ ಜಿಇ ಕಂಪನಿಯ ವಿಮಾನ ಎಂಜಿನ್ ದುರಸ್ತಿ ಕೇಂದ್ರ.

ಜೆಟ್ ಎಂಜಿನ್‌ನ ಕಂಪ್ರೆಸರ್ ಬ್ಲೇಡ್‌ಗಳ ತುದಿ ಹೊರಕವಚಕ್ಕೆ ತೀರ ಹತ್ತಿರ, ಭಾರಿ ವೇಗದಲ್ಲಿ ತಿರುಗುತ್ತಿರುತ್ತದೆ. ಕಾಲಕ್ರಮದಲ್ಲಿ ತುದಿ ಸವೆದು ಎಂಜಿನ್‌ನ ದಕ್ಷತೆ ಇಳಿಯುತ್ತದೆ. ಹಿಂದಿನಿಂದ ಬಂದ ದುರಸ್ತಿ ಕ್ರಮದಲ್ಲಿ ಸವೆದ ತುದಿಯನ್ನು ಕತ್ತರಿಸಿ, ನುರಿತ ವೆಲ್ಡರ್ ಲೋಹ ತುಂಬಿ, ಆಮೇಲೆ ಉಜ್ಜಿ ಆಕಾರಕ್ಕೆ ತರಬೇಕಿತ್ತು. ಲೋಹದ ಪ್ರಿಂಟರ್‌ನಲ್ಲಿ ಹೊಸ ತುದಿಯನ್ನು ನೇರವಾಗಿ ಬ್ಲೇಡ್ ಮೇಲೆಯೇ ಮುದ್ರಿಸಬಹುದು. ಆದರೆ ಒಂದು ಬ್ಲೇಡ್ ಇನ್ನೊಂದರಂತಿರುವುದಿಲ್ಲ. ಸಾವಿರಾರು ಗಂಟೆ ಹಾರಿದ ಪ್ರತಿ ಬ್ಲೇಡ್ ತನ್ನದೇ ರೀತಿಯಲ್ಲಿ ಕೊಂಚ ತಿರುಚಿ, ಕೊಂಚ ಬಾಗಿರುತ್ತದೆ. ಕಾರ್ಖಾನೆಯ ಮೂಲ ವಿನ್ಯಾಸದಂತೆ ಮುದ್ರಿಸಿದರೆ ಹೊಸ ತುದಿ ಹಳೆಯ ಮೈಗೆ ಕೂರುವುದೇ ಇಲ್ಲ.

ಆ ಕೇಂದ್ರದಲ್ಲಿ ಚಿತ್ರ ವಿಶ್ಲೇಷಿಸುವ ತಂತ್ರಾಂಶವು ಸವೆದ ಬ್ಲೇಡ್‌ನ ಆಕಾರವನ್ನು ಗುರುತಿಸಿ, ಆ ಬ್ಲೇಡ್‌ಗೆಂದೇ ಪ್ರತ್ಯೇಕ ಮುದ್ರಣ ಆದೇಶ ತಯಾರಿಸುತ್ತದೆ. ಹೀಗೆ ಕೂಡಿಸಿದ ತುದಿಗೆ ಆಮೇಲಿನ ಉಜ್ಜಾಟ ಬಹಳ ಕಡಿಮೆ ಸಾಕು. ವಾಣಿಜ್ಯ ಜೆಟ್ ಎಂಜಿನ್ ಭಾಗಗಳನ್ನು ಲೋಹದ 3ಡಿ ಮುದ್ರಣದಿಂದ ದುರಸ್ತಿ ಮಾಡಲು ಒಪ್ಪಿಗೆ ಪಡೆದ ಪ್ರಪಂಚದ ಮೊದಲ ಕೇಂದ್ರ ತನ್ನದೆಂದು ಕಂಪನಿ 2022ರಲ್ಲಿ ಪ್ರಕಟಿಸಿತು. ದುರಸ್ತಿಯ ಸಮಯ ಅರ್ಧಕ್ಕೆ ಇಳಿದಿದೆ ಎಂದೂ ಹೇಳಿತು.

ಅಳೆದ ಆಕಾರವನ್ನು ಮೂಲ ವಿನ್ಯಾಸಕ್ಕೆ ಹೊಂದಿಸಲು ಇಂಥ ಕೆಲಸಗಳಲ್ಲಿ ಸಾಮಾನ್ಯವಾಗಿ ಬಳಸುವ ಗಣಿತ ಪಾಲ್ ಬೆಸ್ಲ್ ಮತ್ತು ನೀಲ್ ಮೆಕೇ 1992ರಲ್ಲಿ ವಿವರಿಸಿದ ವಿಧಾನ. ಅಳೆದ ಬಿಂದುಗಳಲ್ಲಿ ಒಂದೊಂದಕ್ಕೂ ವಿನ್ಯಾಸದ ಮೇಲಿನ ಅತಿ ಹತ್ತಿರದ ಬಿಂದು ಹುಡುಕಿ, ಒಟ್ಟು ಅಂತರ ಕಡಿಮೆಯಾಗುವಂತೆ ಕೊಂಚ ಸರಿಸಿ, ಕೊಂಚ ತಿರುಗಿಸಿ, ಮತ್ತೆ ಹುಡುಕುವುದು. ಅಂತರ ಇನ್ನು ಇಳಿಯದು ಎನ್ನುವವರೆಗೆ ಇದೇ ಸುತ್ತು ನಡೆಯುತ್ತದೆ. ವಸ್ತು ಎಲ್ಲಿದೆ, ಎತ್ತ ತಿರುಗಿದೆ ಎಂಬುದು ಅಲ್ಲಿಗೆ ಖಚಿತವಾಗುತ್ತದೆ.

ಅಲುಗಾಡುವ ಕೈ, ಮೆದುವಾದ ಪದರ

ಅಮೆರಿಕದ ಎಂಐಟಿಯಲ್ಲಿ 2015ರಲ್ಲಿ ಸಿದ್ಧವಾದ ‘ಮಲ್ಟಿಫ್ಯಾಬ್’ ಪ್ರಿಂಟರ್ ಹತ್ತು ಬಗೆಯ ವಸ್ತುಗಳನ್ನು ಒಟ್ಟಿಗೆ ಮುದ್ರಿಸಬಲ್ಲದು ಎಂದು ಸುದ್ದಿಯಾಯಿತು. ಅದರ ನಿಜವಾದ ಹೊಸತನ ಇನ್ನೊಂದು. ಬೆಡ್ ಮೇಲೆ ಸರ್ಕ್ಯೂಟ್ ಅಥವಾ ಸಂವೇದಕ ಇಟ್ಟರೆ ಯಂತ್ರ ಅದನ್ನು ಸ್ಕ್ಯಾನ್ ಮಾಡಿ, ಅದು ಇರುವ ಜಾಗ ಮತ್ತು ಆಕಾರ ತಿಳಿದುಕೊಂಡು, ಅದರ ಸುತ್ತಲೇ ಉಳಿದ ಭಾಗವನ್ನು ಕಟ್ಟುತ್ತಿತ್ತು. ವಸ್ತುವನ್ನು ಇಂಥದ್ದೇ ಜಾಗದಲ್ಲಿ ಇಡಬೇಕೆಂಬ ಕಟ್ಟುಪಾಡು ತಪ್ಪಿತು.

ಮಿನೆಸೋಟ ವಿಶ್ವವಿದ್ಯಾಲಯದ ಮೈಕಲ್ ಮೆಕ್‌ಆಲ್ಪೈನ್ ತಂಡ 2018ರಲ್ಲಿ ಇನ್ನೂ ಮುಂದೆ ಹೋಯಿತು. ಮನುಷ್ಯನ ಕೈಯ ಚರ್ಮದ ಮೇಲೆ ನೇರವಾಗಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಮುದ್ರಿಸಿತು. ಕೈ ಎಷ್ಟೇ ಸ್ಥಿರವಾಗಿಟ್ಟರೂ ಅಲುಗುತ್ತದೆ. ಚರ್ಮದ ಮೇಲೆ ತಾತ್ಕಾಲಿಕ ಗುರುತುಗಳನ್ನಿಟ್ಟು, ಕ್ಯಾಮೆರಾ ಅವನ್ನು ಬಿಡದೆ ಹಿಂಬಾಲಿಸುತ್ತ, ಕೈ ಸರಿದಂತೆ ನಾಝಲ್ ಅನ್ನೂ ಸರಿಸುತ್ತಿತ್ತು. 400 ಡಾಲರಿಗಿಂತ ಕಡಿಮೆ ಬೆಲೆಯ ಪ್ರಿಂಟರ್‌ನಲ್ಲಿ ಇದು ಸಾಧ್ಯವಾಯಿತು. ಇದೇ ತಂಡ ಇಲಿಯ ಚರ್ಮದ ಗಾಯದ ಮೇಲೆ ಜೀವಕೋಶಗಳನ್ನೂ ಮುದ್ರಿಸಿ ತೋರಿಸಿತು.

2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಝೂರಿಕ್‌ನ ಇಟಿಎಚ್, ಎಂಐಟಿ ಮತ್ತು ಇಂಕ್‌ಬಿಟ್ ಕಂಪನಿಯ ಸಂಶೋಧಕರು ಪ್ರಕಟಿಸಿದ ಯಂತ್ರದಲ್ಲಿ ನೋಟವೇ ಮುದ್ರಣದ ಭಾಗವಾಗಿದೆ. ರೆಸಿನ್ ಹನಿಗಳನ್ನು ಚಿಮ್ಮಿಸುವ ಯಂತ್ರಗಳು ಪ್ರತಿ ಪದರವನ್ನೂ ಒಂದು ಪಟ್ಟಿಯಿಂದ ಸವರಿ ಸಮತಟ್ಟು ಮಾಡುವುದು ರೂಢಿ. ನಿಧಾನವಾಗಿ ಗಟ್ಟಿಯಾಗುವ ಮೆದು ರೆಸಿನ್‌ಗಳು ಆ ಪಟ್ಟಿಗೆ ಮೆತ್ತಿಕೊಳ್ಳುತ್ತವೆ. ಈ ಯಂತ್ರ ಪಟ್ಟಿಯನ್ನೇ ಕೈಬಿಟ್ಟಿತು. ನಾಲ್ಕು ಕ್ಯಾಮೆರಾ, ಎರಡು ಲೇಸರ್‌ಗಳು ಪದರದ ಏರುತಗ್ಗುಗಳನ್ನು ಅಳೆಯುತ್ತವೆ. ಎಲ್ಲಿ ತಗ್ಗಿದೆಯೋ ಅಲ್ಲಿ ಮುಂದಿನ ಪದರದಲ್ಲಿ ಹೆಚ್ಚು ಹನಿ, ಎಲ್ಲಿ ಉಬ್ಬಿದೆಯೋ ಅಲ್ಲಿ ಕಡಿಮೆ. ಮೂಳೆಯಂಥ ಗಟ್ಟಿ ಭಾಗ, ಸ್ನಾಯುರಜ್ಜುವಿನಂಥ ಮೆದು ಭಾಗ ಎರಡೂ ಇರುವ ರೊಬಾಟ್ ಕೈ ಈ ವಿಧಾನದಲ್ಲಿ ಒಂದೇ ಮುದ್ರಣದಲ್ಲಿ ಹೊರಬಂತು. ತಪ್ಪಾದಾಗ ನಿಲ್ಲಿಸುವ ಕ್ಯಾಮೆರಾಕ್ಕೂ ತಪ್ಪನ್ನು ಮುಂದಿನ ಪದರದಲ್ಲೇ ತಿದ್ದುವ ಕ್ಯಾಮೆರಾಕ್ಕೂ ಬಹಳ ವ್ಯತ್ಯಾಸವಿದೆ. ಈ ಕ್ಷೇತ್ರ ಮುಂದೆ ಹಿಡಿಯಬೇಕಾದ ದಾರಿ ಎರಡನೆಯದೇ.

ಮುದ್ರಣ ಮುಗಿದ ಮೇಲೂ ಹುಡುಕಾಟ ಇದ್ದೇ ಇದೆ. ಪುಡಿ ತುಂಬಿದ ಒಂದೇ ಪೆಟ್ಟಿಗೆಯಿಂದ ಬೇರೆ ಬೇರೆ ಗ್ರಾಹಕರ ನೂರಾರು ಭಾಗಗಳು ಒಟ್ಟಿಗೆ ಹೊರಬರುತ್ತವೆ. ಹಲವು ನೋಡಲು ಒಂದೇ ತರಹ. ಯಾವುದು ಯಾರದ್ದೆಂದು ಕೈಯಿಂದ ವಿಂಗಡಿಸುವುದು ಬೇಸರದ, ತಪ್ಪಿಗೆ ಆಸ್ಪದವಿರುವ ಕೆಲಸ. ನೆದರ್ಲೆಂಡ್ಸ್‌ನ ಎಎಂ-ಫ್ಲೋ ಕಂಪನಿಯ ಯಂತ್ರಗಳು ಭಾಗದ ಆಕಾರವನ್ನು ಕ್ಯಾಮೆರಾಗಳಿಂದ ನೋಡಿ, ವಿನ್ಯಾಸದ ಕಡತಕ್ಕೆ ಹೋಲಿಸಿ ಗುರುತಿಸುತ್ತವೆ.

ಕಣ್ಣಿಗೆ ಕಾಣದ್ದು

ಕ್ಯಾಮೆರಾ ಕಾಣುವುದು ಮೇಲ್ಮೈಯನ್ನು ಮಾತ್ರ. ಕರಗಿದ ಲೋಹದೊಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆ, ಎರಡು ಪದರಗಳ ನಡುವೆ ಬೆಸೆಯದೆ ಉಳಿದ ಬಿರುಕು ಮೇಲಿನಿಂದ ಕಾಣದೆ ಹೋಗಬಹುದು. ಹೀಗಾಗಿ ವಿಮಾನ ಮತ್ತು ವೈದ್ಯಕೀಯ ಭಾಗಗಳಿಗೆ ಎಕ್ಸ್‌ರೇ ಸಿಟಿ ಸ್ಕ್ಯಾನ್‌ನಂಥ ಪರೀಕ್ಷೆಗಳು ಈಗಲೂ ತಪ್ಪಿಲ್ಲ. ಪದರಗಳ ಚಿತ್ರ ಸ್ವಚ್ಛವಾಗಿದೆ ಎಂದಷ್ಟಕ್ಕೇ ಭಾಗವನ್ನು ಪಾಸು ಮಾಡುವುದು ಅಪಾಯಕಾರಿ.

ಸುಳ್ಳು ಎಚ್ಚರಿಕೆಗಳ ಕಾಟವೂ ಇದೆ. ಏನೂ ಆಗದಿದ್ದರೂ ಪದೇ ಪದೇ ಮುದ್ರಣ ನಿಲ್ಲಿಸುವ ವ್ಯವಸ್ಥೆಯನ್ನು ಕೆಲಸಗಾರರು ಕೊನೆಗೆ ಆರಿಸಿಬಿಡುತ್ತಾರೆ. ನಿಜವಾದ ತಪ್ಪಾಗುವುದು ಅದರ ಮರುದಿನ. ಮನೆಯ ಪ್ರಿಂಟರ್‌ನ ಕ್ಯಾಮೆರಾ ಚಿತ್ರಗಳನ್ನು ಅಂತರ್ಜಾಲದ ಮೂಲಕ ಬೇರೆಲ್ಲಿಗೋ ಕಳಿಸಿ ವಿಶ್ಲೇಷಿಸುವ ವ್ಯವಸ್ಥೆಗಳಲ್ಲಿ ಖಾಸಗಿತನದ ಪ್ರಶ್ನೆಯೂ ಏಳುತ್ತದೆ. ಚಿತ್ರವನ್ನು ಯಂತ್ರದಲ್ಲೇ ವಿಶ್ಲೇಷಿಸುವ ಆಯ್ಕೆ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು.

ಈ ವಿದ್ಯೆ ಕಲಿಯಲು ದುಬಾರಿ ಸಲಕರಣೆ ಬೇಕಿಲ್ಲ. ಇಂಟೆಲ್ ಕಂಪನಿಯಲ್ಲಿ 1999ರಲ್ಲಿ ಆರಂಭವಾದ ಓಪನ್‌ಸಿವಿ ಎಂಬ ತಂತ್ರಾಂಶ ಭಂಡಾರ ಎಲ್ಲರಿಗೂ ಉಚಿತ. ಚೆಸ್‌ ಬೋರ್ಡ್ ಅಳತೆ, ಅರುಕೋ ಚಿಹ್ನೆ, ಒತ್ಸು, ಕ್ಯಾನಿ ಎಲ್ಲವೂ ಅದರಲ್ಲಿವೆ. ರಾಜ್ಯದ ಹಲವು ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳ ಪ್ರಯೋಗಾಲಯಗಳಲ್ಲಿ 3ಡಿ ಪ್ರಿಂಟರ್‌ಗಳು ಬಂದು ಕೂತಿವೆ. ಅವುಗಳ ಪಕ್ಕ ಒಂದು ವೆಬ್‌ಕ್ಯಾಮ್, ಬೆಡ್‌ನ ಮೂಲೆಗಳಿಗೆ ನಾಲ್ಕು ಗುರುತು ಚಿಹ್ನೆ, ಪಕ್ಕದಿಂದ ಬೀಳುವ ಒಂದು ದೀಪ ಇಟ್ಟು, ವಸ್ತುವಿನ ಜಾಗವನ್ನು ಒಂದು ಮಿಲಿಮೀಟರ್ ಒಳಗೆ ಹೇಳುವ ವ್ಯವಸ್ಥೆ ಕಟ್ಟುವುದನ್ನು ಅಧ್ಯಾಪಕರು ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಈ ವರ್ಷವೇ ಕೊಡಬಹುದು.